ಗಾಡಿಗೆ ಏನು ಬರೆಸಬೇಕು, ಬೋರ್ಡ್ ಎಲ್ಲಿ ಹಾಕಬೇಕು?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ತಾರಸಿ ಸೋರಿಕೆ ತಡೆಯುವ ಕೆಲಸ, ಪೇಂಟಿಂಗ್ ಮತ್ತು ಸಣ್ಣಪುಟ್ಟ ಗಾರೆ ಕೆಲಸದ ಕಂಟ್ರಾಕ್ಟ್ ಮಾಡುತ್ತೇನೆ. ಏಳೆಂಟು ಹುಡುಗರಿದ್ದಾರೆ, ಒಂದು ಟಾಟಾ ಏಸ್ ಇದೆ. ಇಷ್ಟು ದಿನ ಬಾಯಿಂದ ಬಾಯಿಗೆ ಹೋಗಿ ಕೆಲಸ ಸಿಗುತ್ತಿತ್ತು. ಈಗ ಪೈಪೋಟಿ ಜಾಸ್ತಿಯಾಗಿದೆ. ಹೋದ ವರ್ಷ ಕರೆಂಟ್ ಕಂಬಗಳಿಗೆ ಫ್ಲೆಕ್ಸ್ ಕಟ್ಟಿಸಿದ್ದೆ, ವಾರದೊಳಗೆ ಕಿತ್ತು ಹಾಕಿದರು. ಸ್ಟಿಕರ್ ಅಂಗಡಿಯವರು ಗಾಡಿಗೆ ಪೂರ್ತಿ ರ‍್ಯಾಪ್ ಮಾಡಿಸಿ, ಅಂದರೆ ಇಡೀ ಗಾಡಿಗೆ ಪ್ರಿಂಟ್ ಮಾಡಿದ ಸ್ಟಿಕರ್ ಹೊದಿಸಿ ಅನ್ನುತ್ತಿದ್ದಾರೆ. ಅಷ್ಟು ಖರ್ಚು ಮಾಡಿದರೆ ಕೆಲಸ ಬರುತ್ತಾ? ಏನು ಬರೆಸಬೇಕು, ಕನ್ನಡದಲ್ಲೋ ಇಂಗ್ಲಿಷಿನಲ್ಲೋ? ಕಾನೂನಿನ ತೊಂದರೆ ಏನಾದರೂ ಇದೆಯಾ?

ಉತ್ತರ: ಪೂರ್ತಿ ರ‍್ಯಾಪ್ ಬೇಡ. ಏಸ್‌ನ ಬಾಡಿಯ ಮೇಲೆ ಒಬ್ಬ ಒಳ್ಳೆಯ ಆರ್ಟಿಸ್ಟ್ ಕೈಯಲ್ಲಿ ದೊಡ್ಡ ಅಕ್ಷರದಲ್ಲಿ ಒಂದು ಸಾಲು ಬರೆಸಿ. ಉಳಿದ ದುಡ್ಡಿನಲ್ಲಿ ಕೆಲಸದ ಜಾಗದಲ್ಲಿ ಹಾಕೋದಕ್ಕೆ ನಾಲ್ಕೈದು ಗಟ್ಟಿ ಬೋರ್ಡ್ ಮಾಡಿಸಿ. ಊರಿಗೆಲ್ಲ ಕಾಣಿಸಬೇಕು ಅನ್ನೋ ಆಸೆ ಬಿಡಿ. ಈ ವಾರ ನೀವು ಕೆಲಸ ಮಾಡುತ್ತಿರುವ ಬೀದಿಗೆ ಸರಿಯಾಗಿ ಕಾಣಿಸಿದರೆ ಸಾಕು.

ಕಾರಣ ನಿಮ್ಮ ಕಸುಬಿನಲ್ಲೇ ಇದೆ. ಒಂದು ಬಡಾವಣೆಯ ಮನೆಗಳು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಎದ್ದಿರುತ್ತವೆ. ವಿದ್ಯಾನಗರವಾಗಲಿ, ನಿಟುವಳ್ಳಿಯಾಗಲಿ, ಒಂದು ಮನೆಯ ಆರ್‌ಸಿಸಿ ತಾರಸಿ ಸೋರೋಕೆ ಶುರುವಾದರೆ ಅದೇ ಸಾಲಿನ ಇನ್ನೂ ಮೂರ್ನಾಲ್ಕು ಮನೆಗಳ ತಾರಸಿಗೂ ಅಷ್ಟೇ ವಯಸ್ಸಾಗಿರುತ್ತದೆ. ನಿಮ್ಮ ಹುಡುಗರು ಅಲ್ಲಿ ಹಳೇ ಗಾರೆ ಕೀಳುವ ಸದ್ದು ಮಾಡಿದಾಗ ಎದುರು ಮನೆಯವರು ತಮ್ಮ ಬೆಡ್‌ರೂಮಿನ ಚಾವಣಿಯ ಒದ್ದೆ ಕಲೆಯನ್ನು ನೆನೆಸಿಕೊಳ್ಳುತ್ತಾರೆ. ಬಂದು ಕೇಳುವುದು ಕಡಿಮೆ. ಕೇಳಿದರೂ ನಿಮ್ಮನ್ನಲ್ಲ, ಹುಡುಗರನ್ನು ಕೇಳುತ್ತಾರೆ. ಹುಡುಗರು "ಓನರ್ ಸಂಜೆ ಬರ್ತಾರೆ" ಅಂತಾರೆ. ಅಲ್ಲಿಗೆ ಮುಗಿಯಿತು. ಆ ಹೊತ್ತಿನಲ್ಲಿ ಅವರ ಕಣ್ಣೆದುರು ನಿಮ್ಮ ನಂಬರ್ ಇರಬೇಕು. ಬೋರ್ಡಿನ ಕೆಲಸ ಇಷ್ಟೇ.

ಹೆದ್ದಾರಿ ಪಕ್ಕದ ಹೋರ್ಡಿಂಗ್‌ಗೂ ಕರೆಂಟ್ ಕಂಬದ ಫ್ಲೆಕ್ಸ್‌ಗೂ ಈ ಲಾಭ ಇಲ್ಲ. ಅವನ್ನು ನೋಡುವವರಲ್ಲಿ ಹೆಚ್ಚಿನವರಿಗೆ ಆ ಹೊತ್ತಿಗೆ ತಾರಸಿಯ ಯೋಚನೆಯೇ ಇರುವುದಿಲ್ಲ.

ಹಾಗಾಗಿ ಮೊದಲು ಸೈಟ್ ಬೋರ್ಡಿನ ವಿಷಯ. ಮೂರಡಿ ಉದ್ದ, ಎರಡಡಿ ಎತ್ತರ ಸಾಕು. ಚೌಕ ಪೈಪಿನ ಫ್ರೇಮಿಗೆ ಜಿಐ ಶೀಟ್ (ಸತು ಲೇಪಿಸಿದ ತಗಡು) ಹೊಡೆಸಿ, ಇಲ್ಲವೇ 3 ಎಂಎಂ ಎಸಿಪಿ ಶೀಟ್ (ಮಧ್ಯೆ ಪ್ಲಾಸ್ಟಿಕ್ ಇರುವ ಅಲ್ಯೂಮಿನಿಯಂ ಹಾಳೆ) ಹಾಕಿಸಿ. ಮೂಲೆಗಳಲ್ಲಿ ತಂತಿ ಕಟ್ಟಲು ತೂತು ಇರಲಿ. ಇಂಥದ್ದನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ವರ್ಷಗಟ್ಟಲೆ ತಿರುಗಿಸಬಹುದು. ಸನ್‌ಬೋರ್ಡ್ ಅನ್ನೋ ಪ್ಲಾಸ್ಟಿಕ್ ಫೋಮಿನ ಹಲಗೆ ಅಗ್ಗ, ಹಗುರ. ಆದರೆ ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಅದು ಬಾಗುತ್ತದೆ. ಚದರ ಅಡಿಗೆ ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆ ಅಂತ ಫ್ಲೆಕ್ಸ್ ಮಾಡಿಸಿದರೆ ಒಂದೇ ಸೈಟಿಗೆ ಅದರ ಕತೆ ಮುಗಿಯುತ್ತದೆ, ಆಮೇಲೆ ಯಾರದೋ ತಳ್ಳುಗಾಡಿಯ ಮೇಲೆ ಹೊದಿಕೆಯಾಗಿ ಕಾಣಿಸುತ್ತದೆ. ತಗಡಿನ ಬೋರ್ಡಿಗೂ ಗುಜರಿಯವರ ಭಯ ಇದೆ ಅನ್ನಿ. ಗಟ್ಟಿ ತಂತಿ ಹಾಕಿ, ಸುಮ್ನೆ ಸುತಳಿ ದಾರದಲ್ಲಿ ಕಟ್ಟಬೇಡಿ.

ಬೋರ್ಡನ್ನು ಕಾಂಪೌಂಡ್ ಗೋಡೆಗೆ ಚಪ್ಪಟೆಯಾಗಿ ಒರಗಿಸಿದರೆ ಸರಿಯಾಗಿ ಎದುರಿಗೆ ಬಂದವರಿಗೆ ಮಾತ್ರ ಕಾಣುತ್ತದೆ. ಬೀದಿಯಲ್ಲಿ ನಡೆದು ಬರುವವರಿಗೆ ಗೋಡೆ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಗೇಟಿನ ಕಂಬದ ಹತ್ತಿರ, ಕಾಂಪೌಂಡಿನ ಒಳಗೇ ಸ್ವಲ್ಪ ಓರೆಯಾಗಿ, ಜನ ಜಾಸ್ತಿ ಬರುವ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ. ಎತ್ತರ ಕಣ್ಣಿನ ಮಟ್ಟಕ್ಕಿರಲಿ. ರಸ್ತೆಗೆ ಚಾಚುವುದು ಬೇಡ.

ತಾರಸಿಯ ಪ್ಯಾರಾಪೆಟ್‌ಗೆ ದೊಡ್ಡದೊಂದು ಫ್ಲೆಕ್ಸ್ ಕಟ್ಟೋಣ ಅಂತ ಅನ್ನಿಸುತ್ತದೆ. ಹೇಗೂ ಕೆಲಸ ಮೇಲೆಯೇ ನಡೀತಿದೆ, ದೂರಕ್ಕೂ ಕಾಣುತ್ತೆ ಅಲ್ವಾ? ಗಾಳಿಯ ಲೆಕ್ಕ ನೋಡಿ. ಆರಡಿಗೆ ನಾಲ್ಕಡಿ ಫ್ಲೆಕ್ಸಿಗೆ ಗಂಟೆಗೆ 50 ಕಿ.ಮೀ. ವೇಗದ ಗಾಳಿ ನೇರವಾಗಿ ಬಡಿದರೆ ಸುಮಾರು 27 ಕಿಲೋ ತೂಕದಷ್ಟು ಒತ್ತಡ ಬೀಳುತ್ತದೆ. ಆಷಾಢದ ಗಾಳಿಗೆ ಅದು ದಿನವಿಡೀ ಜಗ್ಗುತ್ತಾ ಇರುತ್ತದೆ. ಫ್ರೇಮ್ ಸಮೇತ ಕೆಳಗೆ ಯಾರ ಮೇಲಾದರೂ ಬಿದ್ದರೆ ಅದರ ಮೇಲಿರೋದು ನಿಮ್ಮದೇ ಹೆಸರು, ನಿಮ್ಮದೇ ನಂಬರ್. ನನ್ನ ಸಲಹೆ ಕೇಳಿದರೆ ಮೇಲೆ ಏನೂ ಕಟ್ಟಬೇಡಿ.

ಇನ್ನೊಂದು ಸೂಕ್ಷ್ಮ ಇದೆ. ಕೆಲವು ಮನೆ ಮಾಲೀಕರಿಗೆ ತಮ್ಮ ಮನೆ ಸೋರುತ್ತದೆ ಅಂತ ಬೀದಿಗೆ ಗೊತ್ತಾಗುವುದು ಇಷ್ಟವಿಲ್ಲ. ಬಾಡಿಗೆಗೆ ಕೊಡುವವರು, ಮಾರಬೇಕು ಅಂತಿರುವವರು ಒಪ್ಪುವುದೇ ಇಲ್ಲ. ಅದಕ್ಕೇ ಸೈಟ್ ಬೋರ್ಡಿನಲ್ಲಿ 'ಸೋರಿಕೆ' ಅನ್ನೋ ಪದ ಬೇಡ. 'ತಾರಸಿ ಕೆಲಸ, ಪೇಂಟಿಂಗ್' ಅಂತ ಇರಲಿ, ಕೆಳಗೆ ನಂಬರ್. ಸೋರಿಕೆಯ ಮಾತು ಗಾಡಿಯ ಮೇಲೆ ಬರೆಸೋಣ, ಗಾಡಿ ಯಾರ ಮನೆಯೂ ಅಲ್ಲವಲ್ಲ. ಕೊಟೇಷನ್ ಕೊಡುವಾಗಲೇ ಒಂದು ಸಾಲು ಸೇರಿಸಿ: ಕೆಲಸ ನಡೆಯುವಾಗ ಮತ್ತು ಮುಗಿದ ಮೇಲೆ ಒಂದು ತಿಂಗಳು ಬೋರ್ಡ್ ಇಡಲು ಮಾಲೀಕರ ಒಪ್ಪಿಗೆ ಇದೆ. ಮೊದಲೇ ಮಾತಾಡಿದ್ದರೆ ಹೆಚ್ಚಿನವರು ಬೇಡ ಅನ್ನುವುದಿಲ್ಲ. ಕೇಳದೆ ಹಾಕಿದರೆ ಕಿತ್ತಿಡುತ್ತಾರೆ.

ಬೋರ್ಡ್ ಹಾಕಿದ ಜಾಗ ಹೇಗಿದೆ ಅನ್ನುವುದೂ ಜಾಹೀರಾತೇ. ಮರಳಿನ ಗುಡ್ಡೆ ಅರ್ಧ ರಸ್ತೆ ತುಂಬಿ, ಕಿತ್ತ ಗಾರೆ ಚರಂಡಿಗೆ ಬಿದ್ದು, ಅದರ ಪಕ್ಕ ನಿಮ್ಮ ಹೆಸರಿದ್ದರೆ ಅಕ್ಕಪಕ್ಕದವರು ನಂಬರ್ ಬರೆದುಕೊಳ್ಳುತ್ತಾರೆ, ಆದರೆ ಕೆಲಸ ಕೊಡೋದಕ್ಕಲ್ಲ.

ಈಗ ಗಾಡಿಗೆ ಬರೋಣ. ಏಸ್ ಇಂಥ ಕೆಲಸಕ್ಕೆ ಒಳ್ಳೆಯ ಗಾಡಿ. 2005ರಲ್ಲಿ ಬಂದಾಗಿನಿಂದ ಊರೂರ ಗಲ್ಲಿಗಳಲ್ಲಿ ಅದೇ ಓಡುತ್ತಿದೆ, ದೊಡ್ಡ ಲಾರಿ ಹೋಗದ ಬೀದಿಗೂ ಹೋಗುತ್ತದೆ. ಆದರೆ ಅದರ ಮೇಲೆ ಬರೆಯಲು ಇರುವ ಜಾಗ ನೀವು ಅಂದುಕೊಂಡಷ್ಟು ಇಲ್ಲ. ಲೋಡ್ ಬಾಡಿಯ ಪಕ್ಕ ಸುಮಾರು 7 ಅಡಿ ಉದ್ದ, ಎತ್ತರ ಬರೀ ಒಂದು ಅಡಿ. ಒಂದು ಪಟ್ಟಿ ಅಷ್ಟೇ. ಸ್ಟಿಕರ್ ಅಂಗಡಿಯವರು ಕಂಪ್ಯೂಟರಿನಲ್ಲಿ ತೋರಿಸುವ ಡಿಸೈನಿನಲ್ಲಿ ಅದೇ ಪಟ್ಟಿಯ ಮೇಲೆ ಒಂದು ಬಂಗಲೆ, ನೀಲಿ ಆಕಾಶ, ನಗುವ ಕುಟುಂಬ, ಹನ್ನೆರಡು ಬಗೆಯ ಕೆಲಸದ ಪಟ್ಟಿ ಎಲ್ಲ ಇರುತ್ತದೆ. ಸ್ಕ್ರೀನಿನ ಮೇಲೆ ಚೆಂದ. ರಸ್ತೆಯಲ್ಲಿ ಬಣ್ಣದ ರಾಡಿ.

ಅಕ್ಷರದ ಗಾತ್ರಕ್ಕೆ ಬೋರ್ಡ್ ಕೆಲಸದವರಲ್ಲಿ ಒಂದು ಹಳೆಯ ಲೆಕ್ಕ ಇದೆ. ಆರಾಮವಾಗಿ ಓದಬೇಕು ಅಂದರೆ ಪ್ರತಿ 10 ಅಡಿ ದೂರಕ್ಕೆ ಅಕ್ಷರ 1 ಇಂಚು ಎತ್ತರ ಇರಬೇಕು. ಅರವತ್ತು ಅಡಿ ರಸ್ತೆಯ ಆಚೆ ಬದಿಯಿಂದ ಓದಿಸಬೇಕಾದರೆ 6 ಇಂಚು. ಈ ಲೆಕ್ಕ ಇಂಗ್ಲಿಷಿನ ದೊಡ್ಡಕ್ಷರಕ್ಕೆ ಮಾಡಿದ್ದು. ಕನ್ನಡಕ್ಕೆ ಹಾಗೇ ಹಾಕಿದರೆ ಮೋಸ ಹೋಗುತ್ತೀರಿ. ನಮ್ಮಲ್ಲಿ ಮೇಲೆ ಗುಡಿಸು ಬರುತ್ತದೆ, ಕೆಳಗೆ ಒತ್ತಕ್ಷರ ಇಳಿಯುತ್ತದೆ. ಒಂದಡಿ ಪಟ್ಟಿಯಲ್ಲಿ ಅಂಚು ಬಿಟ್ಟರೆ 10 ಇಂಚು ಉಳಿಯುತ್ತದೆ. ಅದರಲ್ಲಿ ಒತ್ತಕ್ಷರಕ್ಕೂ ಜಾಗ ಕೊಟ್ಟರೆ ಮೂಲ ಅಕ್ಷರ ಸಣ್ಣದಾಗುತ್ತದೆ, ಒತ್ತಕ್ಷರ ಇನ್ನೂ ಸಣ್ಣದು. 'ವಾಟರ್‌ಪ್ರೂಫಿಂಗ್ ಕಂಟ್ರಾಕ್ಟರ್' ಅಂತ ಬರೆಸಿ ನೋಡಿ, ದೂರದಿಂದ ಕೆಳಗಡೆ ಇರುವೆ ಸಾಲು ಹೋದಂತೆ ಕಾಣುತ್ತದೆ. 'ತಾರಸಿ ಸೋರಿಕೆ' ಅನ್ನೋದರಲ್ಲಿ ಒಂದೂ ಒತ್ತಕ್ಷರ ಇಲ್ಲ. ಆರೇ ಅಕ್ಷರ. ಪಟ್ಟಿ ತುಂಬ ದಪ್ಪಗೆ ಕೂರುತ್ತದೆ.

ಒಂದು ಪಕ್ಕಕ್ಕೆ ನಾನು ಬರೆಸುವುದಾದರೆ ಇಷ್ಟೇ: ಎಡಕ್ಕೆ 'ತಾರಸಿ ಸೋರಿಕೆ?' ಅಂತ 6 ಇಂಚಿನಲ್ಲಿ, ಬಲಕ್ಕೆ ಹತ್ತು ಅಂಕಿಯ ನಂಬರ್ 5 ಇಂಚಿನಲ್ಲಿ. ಏಳಡಿಯಲ್ಲಿ ಎರಡೂ ಒಂದೇ ಸಾಲಿಗೆ ಬರುತ್ತವೆ, ಸ್ವಲ್ಪ ಒತ್ತಾಗಬಹುದು. ನಿಮ್ಮ ಸಂಸ್ಥೆಯ ಹೆಸರು ಕ್ಯಾಬಿನ್ ಬಾಗಿಲಿಗೆ ಹೋಗಲಿ. ಇದಕ್ಕೆ ಎಲ್ಲರೂ ಮುಖ ಸಣ್ಣ ಮಾಡುತ್ತಾರೆ, ನನಗೆ ಗೊತ್ತು. ಹೆಸರು ದೊಡ್ಡದಾಗಿ ಇರಬೇಕು ಅನ್ನೋ ಆಸೆ ಸಹಜ. ಆದರೆ ಚಾವಣಿಯಿಂದ ನೀರು ತೊಟ್ಟಿಕ್ಕುತ್ತಿರುವ ಮನೆಯವರು ಹುಡುಕುವುದು ನಿಮ್ಮ ಹೆಸರನ್ನಲ್ಲ, ಸೋರಿಕೆಗೆ ಮದ್ದನ್ನು. 'ಎಲ್ಲಾ ತರಹದ ಸಿವಿಲ್ ಕೆಲಸಗಳನ್ನು ಮಾಡಿಕೊಡಲಾಗುವುದು' ಅನ್ನೋ ಸಾಲನ್ನೂ ಬಿಡಿ. ಊರಿನ ಪ್ರತಿ ಮೇಸ್ತ್ರಿಯ ಬೋರ್ಡಿನಲ್ಲೂ ಅದಿದೆ, ಯಾರೂ ಓದುವುದಿಲ್ಲ. ಪೇಂಟಿಂಗ್, ಗಾರೆ ಕೆಲಸ ಮಾಡುತ್ತೀರಿ ಅನ್ನೋದನ್ನು ಫೋನ್ ಮಾಡಿದವರಿಗೆ ಬಾಯಲ್ಲಿ ಹೇಳಿದರಾಯಿತು.

ಮುಂದುಗಡೆ ಗಾಜಿನ ಮೇಲ್ಭಾಗದ ಪಟ್ಟಿಯಲ್ಲಿ ಊರದೇವತೆ ದುಗ್ಗಮ್ಮನ ಹೆಸರು ಹೇಗೂ ಇರುತ್ತದೆ, ದಾವಣಗೆರೆಯಲ್ಲಿ ಅದಿಲ್ಲದ ಗೂಡ್ಸ್ ಗಾಡಿ ನೋಡೋದೇ ಅಪರೂಪ. ಇರಲಿ. ಗಾಜಿಗೆ ಅಂಟಿಸದೆ ಕ್ಯಾಬಿನ್ ತಗಡಿಗೇ ಬರೆಸಿ ಅಷ್ಟೇ. ಪಕ್ಕದ ಪಟ್ಟಿಯಲ್ಲಿ ಮಾತ್ರ ದೇವರ ಫೋಟೊ, ಅಪ್ಪನ ಫೋಟೊ, ನಾಯಕರ ಫೋಟೊ ಯಾವುದೂ ಬೇಡ.

ಹಿಂಬದಿಯ ಲೆಕ್ಕ ಬೇರೆ. ಪಕ್ಕವನ್ನು ಜನ ಎರಡು ಮೂರು ಸೆಕೆಂಡ್ ನೋಡುತ್ತಾರೆ. ಹಿಂಭಾಗವನ್ನು ಸಿಗ್ನಲ್ಲಿನಲ್ಲಿ, ರೈಲ್ವೆ ಗೇಟಿನಲ್ಲಿ ನಿಮಿಷಗಟ್ಟಲೆ ನೋಡುತ್ತಾ ನಿಲ್ಲುತ್ತಾರೆ. ಅಲ್ಲಿ ಇನ್ನೊಂದು ಸಾಲು ಹಾಕಬಹುದು, ಊರಿನ ಹೆಸರೋ 'ಪೇಂಟಿಂಗ್' ಅಂತಲೋ. ಆದರೆ ನೆನಪಿಡಿ, ಸೈಟಿನಲ್ಲಿ ಸಿಮೆಂಟ್ ಇಳಿಸುವಾಗ ಹಿಂಬಾಗಿಲು ಕೆಳಗೆ ನೇತಾಡುತ್ತಿರುತ್ತದೆ. ಬರೆದದ್ದೆಲ್ಲ ತಲೆಕೆಳಗಾಗಿ ಒಳಕ್ಕೆ ತಿರುಗುತ್ತದೆ. ನಿಮ್ಮ ಗಾಡಿ ಜನರಿಗೆ ಹೆಚ್ಚು ಕಾಣುವ ಹೊತ್ತೇ ಅದು. ಅದಕ್ಕೇ ನಂಬರನ್ನು ಹಿಂಬಾಗಿಲಿಗೆ ಮಾತ್ರ ಬರೆಸಿ ಸುಮ್ಮನಾಗಬೇಡಿ, ಎರಡೂ ಪಕ್ಕದಲ್ಲಿ ಇರಲೇಬೇಕು. ಇದೇ ತೊಂದರೆ ಓಮ್ನಿ, ಈಕೋ ಇಟ್ಟುಕೊಂಡವರಿಗೂ ಇದೆ. ಜಾರುವ ಬಾಗಿಲು ಹಿಂದಕ್ಕೆ ಸರಿದರೆ ಹಿಂದಿನ ಪ್ಯಾನಲ್ ಮೇಲಿನ ಅಕ್ಷರ ಮುಚ್ಚಿಹೋಗುತ್ತದೆ. ಬಾಗಿಲ ಮೇಲೆ ಅರ್ಧ ನಂಬರ್, ಪ್ಯಾನಲ್ ಮೇಲೆ ಇನ್ನರ್ಧ ಬರೆಸಿದವರ ಪಾಡು ಕೇಳಬೇಡಿ. ಯಾವುದೇ ಗಾಡಿಯಿರಲಿ, ಎಲ್ಲ ಬಾಗಿಲು ತೆಗೆದು ನಿಲ್ಲಿಸಿ ಒಂದು ಸಲ, ಮುಚ್ಚಿ ಒಂದು ಸಲ ಸುತ್ತು ಹಾಕಿ ನೋಡಿ, ಆಮೇಲೆ ಜಾಗ ಗುರುತು ಮಾಡಿ.

ಬಾಡಿಯ ಮೇಲೆ ಪೇಂಟ್ ಯಾಕೆ, ಸ್ಟಿಕರ್ ಯಾಕೆ ಬೇಡ? ನಿಮ್ಮ ಗಾಡಿಯ ಬಾಡಿಯನ್ನು ದಿನಾ ಮರಳು, ಸಲಾಕೆ, ಏಣಿ, ಬಕೆಟ್ ಉಜ್ಜುತ್ತವೆ. ಹಗ್ಗ ಎಳೆದು ಕಟ್ಟುತ್ತೀರಿ. ತಗಡಿನಲ್ಲಿ ಮಡಿಕೆಗಳಿವೆ, ಹಳೆಯ ಏಟಿನ ಗುಂಡಿಗಳಿವೆ. ಸ್ಟಿಕರಿನ ವಿನೈಲ್ ಹಾಳೆ ಮಡಿಕೆಯಲ್ಲಿ ಎದ್ದು ನಿಲ್ಲುತ್ತದೆ, ಅಲ್ಲಿ ಧೂಳು ನೀರು ಸೇರಿ ಅಂಚಿನಿಂದ ಸುಲಿಯುತ್ತದೆ. ಎನಾಮಲ್ ಪೇಂಟಿಗೆ ಆ ಸಮಸ್ಯೆ ಇಲ್ಲ. ಗೀಚಿದರೆ ಅಲ್ಲಷ್ಟೇ ಮತ್ತೆ ಹಚ್ಚಬಹುದು. ನೀವೇ ಪೇಂಟಿಂಗ್ ಕಂಟ್ರಾಕ್ಟರ್, ಪ್ರೈಮರ್ ಹೊಡೆದು ಕೆಳಗಿನ ಬಣ್ಣ ಹಚ್ಚುವ ಕೆಲಸ ನಿಮ್ಮ ಹುಡುಗರೇ ಮಾಡುತ್ತಾರೆ. ಅಕ್ಷರಕ್ಕೆ ಮಾತ್ರ ಲಾರಿ ಬಾಡಿಗಳಿಗೆ ಬರೆಯುವ ಆರ್ಟಿಸ್ಟನ್ನು ಹಿಡಿಯಿರಿ. ಗೋಡೆಗೆ ಬಣ್ಣ ಹೊಡೆಯುವ ಕೈ ಬೇರೆ, ಅಕ್ಷರ ಬರೆಯುವ ಕೈ ಬೇರೆ. ಇನ್ನೂ ಒಂದು ಅನುಕೂಲ: ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಸರ್ಟಿಫಿಕೇಟ್, ಅಂದರೆ ಎಫ್‌ಸಿ ಮಾಡಿಸಲೇಬೇಕು. ಎಫ್‌ಸಿಗೆ ಮೊದಲು ಹೇಗೂ ತುಕ್ಕು ತೆಗೆಸಿ ಪೇಂಟ್ ಹೊಡೆಸುತ್ತೀರಿ. ಬರೆಸುವ ಕೆಲಸವನ್ನೂ ಅದಕ್ಕೇ ಜೋಡಿಸಿಕೊಂಡರೆ ಖರ್ಚು ಒಂದೇ.

ಕ್ಯಾಬಿನ್ ಬಾಗಿಲು ನಯವಾಗಿದೆ, ಅಲ್ಲಿ ಸ್ಟಿಕರ್ ಹಾಕಿಸಿ. ಪ್ರಿಂಟ್ ಮಾಡಿದ್ದು ಬೇಡ, ರೇಡಿಯಂ ಅಂಗಡಿಯಲ್ಲಿ ಪ್ಲಾಟರ್‌ನಿಂದ ಕತ್ತರಿಸಿ ಕೊಡುವ ಬಣ್ಣದ ವಿನೈಲ್ ಅಕ್ಷರ ಸಾಕು. ಅದರಲ್ಲಿ ಬಣ್ಣ ಹಾಳೆಯೊಳಗೇ ಇರುತ್ತದೆ, ಬಿಸಿಲಿಗೆ ಬೇಗ ಮಂಕಾಗುವುದಿಲ್ಲ. ಪ್ರಿಂಟ್ ಮಾಡಿಸಿದ ಕೆಂಪು ಮಾತ್ರ ಎಲ್ಲದಕ್ಕಿಂತ ಮೊದಲು ಮಾಸುತ್ತದೆ. ವಿನೈಲ್‌ನಲ್ಲಿ ಕ್ಯಾಲೆಂಡರ್ಡ್, ಕಾಸ್ಟ್ ಅಂತ ಎರಡು ಜಾತಿ. ಕ್ಯಾಲೆಂಡರ್ಡ್ ದಪ್ಪ, ಅಗ್ಗ, ಕಾಲಕ್ರಮೇಣ ಅಂಚಿನಲ್ಲಿ ಸ್ವಲ್ಪ ಕುಗ್ಗುತ್ತದೆ. ಕಾಸ್ಟ್ ತೆಳು, ದುಬಾರಿ, ವಕ್ರ ಜಾಗಕ್ಕೂ ರಿವೆಟ್ ಮೇಲೂ ಅಂಟಿ ಕೂರುತ್ತದೆ. ಬಾಗಿಲಿನ ಸಪಾಟು ಭಾಗಕ್ಕೆ ಕ್ಯಾಲೆಂಡರ್ಡ್ ಸಾಕು. ಅಂಟಿಸುವ ಮೊದಲು ಸೋಪು ನೀರಿನಲ್ಲಿ ತೊಳೆದು, ಒಣಗಿಸಿ, ಸ್ಪಿರಿಟ್‌ನಿಂದ ಒರೆಸಬೇಕು. ಪಾಲಿಶ್ ಉಳಿದಿದ್ದರೆ ಯಾವ ಕಂಪನಿಯ ವಿನೈಲೂ ನಿಲ್ಲಲ್ಲ. ಹೊಸದಾಗಿ ಪೇಂಟ್ ಹೊಡೆಸಿದ ಬಾಗಿಲಾದರೆ ಪೇಂಟ್ ಪೂರ್ತಿ ಒಣಗೋದಕ್ಕೆ ಕೆಲವು ವಾರ ಬಿಡಿ, ಇಲ್ಲದಿದ್ದರೆ ಒಳಗಿನ ಆವಿ ಎದ್ದು ಗುಳ್ಳೆ ಬರುತ್ತದೆ. ಅಂಟಿಸಿದ ಮರುದಿನವೇ ವಾಟರ್ ಸರ್ವಿಸ್‌ಗೆ ಬಿಡಬೇಡಿ, ಪ್ರೆಷರ್ ನೀರು ಅಂಚನ್ನು ಎಬ್ಬಿಸುತ್ತದೆ.

ಬಣ್ಣ ಎದ್ದು ಕಾಣಬೇಕು, ಚೆಂದ ಆಮೇಲೆ. ಕಡು ನೀಲಿ ಮೇಲೆ ಹಳದಿ, ಹಳದಿ ಮೇಲೆ ಕಪ್ಪು, ಇವು ಧೂಳು ಹಿಡಿದರೂ ಓದಿಸುತ್ತವೆ. ಬಿಳಿ ಗಾಡಿಯ ಮೇಲೆ ಕಡು ನೀಲಿ ಅಕ್ಷರವೂ ನಡೆಯುತ್ತದೆ. ಅರಿಶಿನ ಕುಂಕುಮದ ಬಣ್ಣ ನಮಗೆಲ್ಲ ಇಷ್ಟ, ಆದರೆ ಕೆಂಪು ಮೇಲೆ ಹಳದಿ ನವೆಂಬರ್ ತಿಂಗಳಲ್ಲಿ ಊರೆಲ್ಲ ಇರುತ್ತದೆ, ನಿಮ್ಮ ಗಾಡಿ ಅದರಲ್ಲಿ ಕರಗಿಹೋಗುತ್ತದೆ. ಅಕ್ಷರಕ್ಕೆ ನೆರಳು, ಮಿಂಚು, ಬಾರ್ಡರ್ ಕೊಟ್ಟಷ್ಟೂ ಓದುವುದು ಕಷ್ಟ.

ಕನ್ನಡವೋ ಇಂಗ್ಲಿಷೋ ಅಂತ ಕೇಳಿದ್ದೀರಿ. ಗಾಡಿಗೆ ಕನ್ನಡ, ಅನುಮಾನವೇ ಬೇಡ. ನಿಮ್ಮ ಗಿರಾಕಿ ಆ ಬೀದಿಯವರು. ಅಂಕಿಗಳು ಮಾತ್ರ 1, 2, 3 ಇರಲಿ. ಕನ್ನಡ ಅಂಕಿ ನನಗೂ ಪ್ರೀತಿಯೇ, ಆದರೆ ಓಡುವ ಗಾಡಿಯಲ್ಲಿ ೬ ಯಾವುದು ೯ ಯಾವುದು ಅಂತ ಗೊಂದಲವಾದರೆ ಫೋನ್ ಇನ್ಯಾರಿಗೋ ಹೋಗುತ್ತದೆ. ಹತ್ತು ಅಂಕಿಯನ್ನು ಐದೈದಾಗಿ ಒಡೆದು ಬರೆಸಿ, ನಾವು ಬಾಯಲ್ಲಿ ಹೇಳುವುದೂ ಹಾಗೇ. ಒಂದೇ ನಂಬರ್ ಸಾಕು. ಎರಡು ಕೊಟ್ಟರೆ ಎರಡೂ ನೆನಪಿರುವುದಿಲ್ಲ.

ಬರವಣಿಗೆ ಅಂಗಡಿಯಲ್ಲಿ ತಪ್ಪಾಗುವುದು ಎಲ್ಲಿ ಅಂತಲೂ ಹೇಳುತ್ತೇನೆ. ನೀವು ವಾಟ್ಸಾಪ್‌ನಲ್ಲಿ ಟೈಪ್ ಮಾಡಿ ಕಳಿಸುವ ಕನ್ನಡ ಯೂನಿಕೋಡ್, ಅಂದರೆ ಎಲ್ಲ ಫೋನ್, ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ. ಹಲವು ಅಂಗಡಿಗಳಲ್ಲಿ ಇನ್ನೂ ಡಿಸೈನ್ ಮಾಡುವ ಹಳೆಯ ಸಾಫ್ಟ್‌ವೇರ್ ಕೋರಲ್‌ಡ್ರಾ ಇದೆ. ಅದರಲ್ಲಿ ಯೂನಿಕೋಡ್ ಹಾಕಿದರೆ ಒತ್ತಕ್ಷರ ಕಳಚಿಕೊಂಡು ಪಕ್ಕಕ್ಕೆ ನಿಲ್ಲುತ್ತದೆ. ಹಾಗಾಗಿ ಅವರು ಅದನ್ನು ನುಡಿ ಅನ್ನೋ ಹಳೆಯ ಕನ್ನಡ ಫಾಂಟಿನಲ್ಲಿ ಮತ್ತೆ ಟೈಪ್ ಮಾಡುತ್ತಾರೆ, ತಪ್ಪು ನುಸುಳುವುದು ಅಲ್ಲೇ. 'ಸೋರಿಕೆ' ಹೋಗಿ 'ಸೊರಿಕೆ' ಆಗುತ್ತದೆ, ನಂಬರಿನಲ್ಲಿ ಒಂದು ಅಂಕಿ ಅದಲುಬದಲಾಗುತ್ತದೆ. ಕತ್ತರಿಸುವ ಮೊದಲು ಫೈನಲ್ ಡಿಸೈನನ್ನು ಪಿಡಿಎಫ್ ಮಾಡಿಸಿ ತರಿಸಿಕೊಳ್ಳಿ, ಮನೆಯ ಮಕ್ಕಳ ಕೈಯಲ್ಲಿ ಓದಿಸಿ, ಅದರಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ ನೋಡಿ. ಅಂಗಡಿಯಲ್ಲಿ ಹೊಸ ಸಾಫ್ಟ್‌ವೇರ್ ಇದ್ದರೆ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ 'ಬಾಲೂ ತಮ್ಮ', 'ಅನೇಕ್ ಕನ್ನಡ' ಕೇಳಿ. ಎರಡೂ ದಪ್ಪ, ದುಂಡು, ದೂರಕ್ಕೆ ಚೆನ್ನಾಗಿ ಓದಿಸುತ್ತವೆ. ಅನೇಕ್‌ನಲ್ಲಿ ಅಕ್ಷರದ ಅಗಲವನ್ನೂ ಕಿರಿದು ಮಾಡಿಕೊಳ್ಳಬಹುದು, ಇಕ್ಕಟ್ಟಿನ ಪಟ್ಟಿಗೆ ಅದು ವರ.

ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಏಳಡಿ ಅಂದರೆ 84 ಇಂಚು. ಡಿಸೈನನ್ನು ಎಂಟನೇ ಒಂದು ಪಾಲಿಗೆ ಇಳಿಸಿದರೆ ಹತ್ತೂವರೆ ಇಂಚು, ಎ4 ಹಾಳೆಯಲ್ಲಿ ಅಡ್ಡಕ್ಕೆ ಸರಿಯಾಗಿ ಬರುತ್ತದೆ. ಅದನ್ನು ಗೋಡೆಗೆ ಅಂಟಿಸಿ ಏಳೂವರೆ ಅಡಿ ದೂರ ನಿಲ್ಲಿ. ಅರವತ್ತು ಅಡಿ ಆಚೆಯಿಂದ ಗಾಡಿ ಹೇಗೆ ಕಾಣುತ್ತದೋ ಹಾಗೇ ಕಾಣುತ್ತದೆ. ಡಿಸೈನ್ ನೋಡದೇ ಇರುವ ಒಬ್ಬರನ್ನು ಕರೆದು, ಎರಡು ಸೆಕೆಂಡ್ ತೋರಿಸಿ, ಏನಿತ್ತು ಅಂತ ಕೇಳಿ. 'ತಾರಸಿ ಏನೋ ಇತ್ತು' ಅಂದರೂ ಪಾಸ್.

ಕಾನೂನಿನ ಮಾತು. ಕಂಬ, ಮರ, ಸರ್ಕಾರಿ ಗೋಡೆ ಪೂರ್ತಿ ಮರೆತುಬಿಡಿ. ತೆರೆದ ಜಾಗಗಳ ಅಂದಗೆಡಿಸುವುದರ ವಿರುದ್ಧ ರಾಜ್ಯದಲ್ಲಿ 1981ರ ಕಾಯ್ದೆಯೇ ಇದೆ. ಆರು ತಿಂಗಳವರೆಗೆ ಜೈಲು, 1000 ರೂಪಾಯಿವರೆಗೆ ದಂಡ, ಅಥವಾ ಎರಡೂ. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲದ ಜೊತೆಗೆ ಪ್ಲಾಸ್ಟಿಕ್ ಬ್ಯಾನರ್, ಫ್ಲೆಕ್ಸ್‌ಗಳನ್ನೂ ನಿಷೇಧಿಸಿತು. 2022ರ ಜುಲೈ 1ರಿಂದ 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್ ದೇಶದಾದ್ಯಂತ ನಿಷಿದ್ಧ. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿದ ಮೇಲೆ ಬೆಂಗಳೂರಿನಲ್ಲಿ ಸಾವಿರಾರು ಫ್ಲೆಕ್ಸ್ ರಾತ್ರೋರಾತ್ರಿ ಇಳಿದದ್ದು ನಿಮಗೂ ನೆನಪಿರಬಹುದು. ಕಟ್ಟಿದವರು ಸಾವಿರ ಜನ ಇರಬಹುದು, ಆದರೆ ಫ್ಲೆಕ್ಸ್ ಮೇಲೆ ಫೋನ್ ನಂಬರ್ ಇರುವವರನ್ನು ಹಿಡಿಯುವುದು ಸುಲಭ.

ನಿಮ್ಮ ಆಫೀಸಿನ ನಾಮಫಲಕಕ್ಕೆ ಬೇರೆ ನಿಯಮ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿ ಪ್ರಕಾರ ಫಲಕದ ಶೇ. 60 ಭಾಗ ಕನ್ನಡ ಇರಬೇಕು, ಅದೂ ಮೇಲುಗಡೆ. ಮೊದಲ ಸಲವೇ ಹಾಗೆ ಮಾಡಿಸಿದರೆ ಮತ್ತೆ ಒಡೆದು ಹಾಕಿಸುವ ಖರ್ಚಿಲ್ಲ.

ಗಾಡಿಗೆ ಬಂದರೆ, ಆರ್‌ಸಿಯಲ್ಲಿ ಗಾಡಿಯ ಬಣ್ಣ ನಮೂದಾಗಿದೆ. ಪೂರ್ತಿ ರ‍್ಯಾಪ್ ಮಾಡಿಸಿ ಬಣ್ಣವೇ ಬದಲಾದರೆ ಆರ್‌ಟಿಒದಲ್ಲಿ ಅದನ್ನು ದಾಖಲಿಸಬೇಕು. ರ‍್ಯಾಪ್ ಬೇಡ ಅಂದದ್ದಕ್ಕೆ ಇದೂ ಒಂದು ಕಾರಣ. ಬಾಡಿಯ ಮೇಲೆ ಬೇಸ್ ಬಣ್ಣ ಹೊಡೆಸುವಾಗಲೂ ಆರ್‌ಸಿಯಲ್ಲಿರುವ ಬಣ್ಣವನ್ನೇ ಉಳಿಸಿಕೊಳ್ಳಿ. ನಂಬರ್ ಪ್ಲೇಟಿನ ಮೇಲೆ, ಅದರ ಚೌಕಟ್ಟಿನ ಮೇಲೆ ಏನೂ ಬರೆಸಬೇಡಿ. ಗಾಜಿಗೆ ಸ್ಟಿಕರ್ ಬೇಡ, ಗಾಜಿನ ಮೇಲೆ ಫಿಲ್ಮ್ ಅಂಟಿಸಬಾರದು ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ, ಟ್ರಾಫಿಕ್‌ನವರು ಗಾಡಿ ಅಡ್ಡ ಹಾಕೋದಕ್ಕೆ ಅದೊಂದು ಸುಲಭದ ನೆಪವಾಗುತ್ತದೆ. ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು ರಿಫ್ಲೆಕ್ಟರ್ ಟೇಪ್ ಇರುತ್ತದಲ್ಲ, ಅದರ ಮೇಲೆ ಅಕ್ಷರ ಹತ್ತಬಾರದು. ಬಾಡಿಯ ಮೇಲೆ ಬರೆದಿರುವ ಮಾಲೀಕರ ಹೆಸರು, ತೂಕದ ವಿವರ ಅಳಿಸಬಾರದು. ಆರ್ಟಿಸ್ಟ್ ಬ್ರಷ್ ಹಿಡಿಯುವ ಮೊದಲು ಎಫ್‌ಸಿ ಮಾಡಿಸುವ ಏಜೆಂಟರಿಗೋ ಆರ್‌ಟಿಒ ಕೌಂಟರಿಗೋ ಡಿಸೈನ್ ತೋರಿಸಿ ಒಂದು ಮಾತು ಕೇಳಿ, ಆಮೇಲೆ ತಗಾದೆ ಇರುವುದಿಲ್ಲ. ಲಾಂಛನಗಳ ಹುಚ್ಚು ಬೇಡ. ಗಂಡಭೇರುಂಡ, ನಾಲ್ಕು ಸಿಂಹ ಇವೆಲ್ಲ ಸರ್ಕಾರದ್ದು.

ಮುಂದೆ ನೀವು ಸ್ವಂತವಾಗಿ ಮನೆ ಕಟ್ಟಿ ಮಾರಲು ಹೊರಟರೆ ಲೆಕ್ಕ ಬದಲಾಗುತ್ತದೆ. ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಾಯಿಸಬೇಕಾದ ಯೋಜನೆಯಾದರೆ ಬೋರ್ಡಿನ ಮೇಲೂ ನೋಂದಣಿ ಸಂಖ್ಯೆ ಇರಬೇಕು. ಈಗ ಮಾಡುತ್ತಿರುವ ರಿಪೇರಿ ಕೆಲಸಕ್ಕೆ ಅದರ ಚಿಂತೆ ಇಲ್ಲ.

ಯಾವಾಗ ಮಾಡಿಸಬೇಕು? ಯುಗಾದಿಗೆ ಮೊದಲು. ನಿಮ್ಮ ಕೆಲಸ ಒಣ ತಿಂಗಳಲ್ಲಿ ನಡೆಯುತ್ತದೆ, ಫೋನ್ ಬರುವುದು ಮಾತ್ರ ಮೊದಲ ಮಳೆ ಬಿದ್ದ ರಾತ್ರಿಯ ಮರುದಿನ ಬೆಳಿಗ್ಗೆ. ಜನ ಫೆಬ್ರವರಿಯಿಂದ ಮೇವರೆಗೆ ನಿಮ್ಮ ಗಾಡಿ ನೋಡಿರುತ್ತಾರೆ, ಜೂನ್‌ನಲ್ಲಿ ನೆನೆಸಿಕೊಳ್ಳುತ್ತಾರೆ. ಆ ಬೆಳಿಗ್ಗೆ ಫೋನ್ ಎತ್ತಲು ಯಾರಾದರೂ ಇರಬೇಕು. ನಂಬರ್ ಬರೆಸಿದ ಮೇಲೆ ಸಿಮ್ ಬದಲಿಸುವಂತಿಲ್ಲ, ರೀಚಾರ್ಜ್ ಮರೆತು ಕಟ್ ಆಗುವಂತಿಲ್ಲ. ಅದಕ್ಕೇ ಮನೆಯ ನಂಬರ್ ಕೊಡುವ ಬದಲು ವ್ಯವಹಾರಕ್ಕೇ ಒಂದು ಬೇರೆ ಸಿಮ್ ತೆಗೆದುಕೊಂಡು, ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿಕೊಳ್ಳಿ. ಹಳೆಯ ಕೆಲಸದ ಫೋಟೊಗಳನ್ನು ಅಲ್ಲಿಡಿ, ರ‍್ಯಾಪ್ ಮೇಲೆ ಹಾಕಿಸಬೇಕು ಅಂದುಕೊಂಡಿದ್ದ ಚಿತ್ರಗಳಿಗೆ ಸರಿಯಾದ ಜಾಗ ಅದೇ. ಕ್ಯೂಆರ್ ಕೋಡ್ ಬೇಕಿದ್ದರೆ ಸೈಟ್ ಬೋರ್ಡಿಗೆ ಹಾಕಿಸಿ, ನಿಂತು ಸ್ಕ್ಯಾನ್ ಮಾಡಬಹುದು. ಓಡುವ ಗಾಡಿಗೆ ಹಾಕಿಸುವುದು ಸುಮ್ನೆ ವೇಸ್ಟ್.

ಡ್ರೈವರ್‌ಗೆ ಎರಡು ವಿಷಯ ಹೇಳಿಡಿ. ಸೈಟಿನಲ್ಲಿ ಗಾಡಿ ನಿಲ್ಲಿಸುವಾಗ ಬೀದಿಯ ಬಾಯಿಗೆ ಪಕ್ಕದ ಅಕ್ಷರ ಕಾಣುವಂತೆ ನಿಲ್ಲಿಸಬೇಕು, ಆದರೆ ಯಾರ ಗೇಟಿಗೂ ಅಡ್ಡ ಬರಬಾರದು. ಎರಡನೆಯದು, ಶನಿವಾರ ಬಟವಾಡೆಗೆ ಮೊದಲು ಅಕ್ಷರದ ಮೇಲಿನ ಸಿಮೆಂಟು ಧೂಳು ತೊಳೆಯಬೇಕು. ನಂಬರ್ ದೊಡ್ಡದಾಗಿ ಬರೆದ ಗಾಡಿಯನ್ನು ಅಡ್ಡಾದಿಡ್ಡಿ ಓಡಿಸಿದರೆ ಬೈಗುಳವೂ ಅದೇ ನಂಬರಿಗೆ ಬರುತ್ತದೆ ಅಂತಲೂ ತಿಳಿಸಿ.

ಇನ್ನೊಂದು ಅಗ್ಗದ ಉಪಾಯ, ಮೋಟರ್ ರಿಪೇರಿಯವರಿಂದ ಕಲಿತದ್ದು. ಸಂಪಿನ ಮೋಟರ್ ಕೆಟ್ಟಾಗ ನಾವು ಯಾರಿಗೆ ಫೋನ್ ಮಾಡುತ್ತೇವೆ? ಸ್ಟಾರ್ಟರ್ ಪಕ್ಕದ ಸ್ಟಿಕರ್‌ನಲ್ಲಿ ಇರುವ ನಂಬರಿಗೆ. ನೀವೂ ಕೆಲಸ ಮುಗಿಸಿದ ಮೇಲೆ ತಾರಸಿಗೆ ಹೋಗುವ ಬಾಗಿಲಿನ ಒಳಬದಿಗೆ ಅಂಗೈ ಅಗಲದ ಒಂದು ಸ್ಟಿಕರ್ ಅಂಟಿಸಿ. ಏನು ಕೆಲಸ, ಯಾವ ತಿಂಗಳು ಯಾವ ವರ್ಷ ಮಾಡಿದ್ದು, ಏನು ಮೆಟೀರಿಯಲ್ ಹಾಕಿದ್ದು, ನಂಬರ್. ಬಾಡಿಗೆದಾರರು ಬದಲಾದರೂ, ಮನೆಯೇ ಕೈ ಬದಲಾದರೂ ಅದು ಅಲ್ಲೇ ಇರುತ್ತದೆ.

ಕೊನೆಗೆ ಖರ್ಚಿಗೆ ತಕ್ಕ ಕೆಲಸ ಬರುತ್ತಾ ಅಂತ ಕೇಳಿದ್ದಿರಿ. ಅದನ್ನು ನಿಮ್ಮ ಊರಿನಲ್ಲೇ ಅಳೆಯಬೇಕು. ಹೊಸಬರು ಫೋನ್ ಮಾಡಿದಾಗಲೆಲ್ಲ 'ನಂಬರ್ ಎಲ್ಲಿ ಸಿಕ್ತು?' ಅಂತ ಕೇಳಿ ಒಂದು ಪುಸ್ತಕದಲ್ಲಿ ಗಾಡಿ, ಬೋರ್ಡ್, ಬಾಗಿಲ ಸ್ಟಿಕರ್, ಪರಿಚಯದವರು ಅಂತ ಗೀಟು ಹಾಕುತ್ತಾ ಹೋಗಿ. ಎಷ್ಟು ಫೋನ್ ಕೆಲಸವಾಯಿತು ಅನ್ನೋದನ್ನೂ ಪಕ್ಕದಲ್ಲಿ ಬರೆಯಿರಿ. ಒಂದು ಮಳೆಗಾಲ ಕಳೆಯಲಿ. ದೀಪಾವಳಿ ಹೊತ್ತಿಗೆ ಬೋರ್ಡಿನ ಗೀಟು ಜಾಸ್ತಿ ಇದ್ದರೆ ಇನ್ನೂ ನಾಲ್ಕು ಬೋರ್ಡ್ ಮಾಡಿಸಿ. ಗಾಡಿಯದ್ದು ಜಾಸ್ತಿ ಇದ್ದರೆ ಹುಡುಗರ ಬೈಕಿನ ಬಾಕ್ಸಿಗೂ, ಟೀ ಶರ್ಟಿನ ಬೆನ್ನಿಗೂ ಅದೇ ಸಾಲು, ಅದೇ ನಂಬರ್ ಹಾಕಿಸಿ.